ಸಾಯಕಲ್ಲಿನ ಟಾಯರೂ ಬೆಳಗಾವಿ–ಖಾನಾಪುರದ ನೆಲವೂ

ಬೆಳಗಾವಿಯ ಪೇಟೆಯಲ್ಲಿ ಕಿರ್ಲೋಸ್ಕರ ರೋಡು ಎಂಬ ಹೆಸರಿನ ಬೀದಿಯೊಂದುಂಟು. ದಿನವೂ ಅದನ್ನು ಹಾಯುವ ಜನರಲ್ಲಿ, ಆ ಹೆಸರಿನ ಮೂಲವು ಒಂದು ಸಾಯಕಲ್ ಅಂಗಡಿಯಲ್ಲಿದೆಯೆಂಬದನ್ನು ಬಲ್ಲವರು ವಿರಳ. ಮಲಪ್ರಭೆಯ ದಂಡೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾಗಿದ್ದಾಗ, ಅಲ್ಲಿ ಸಾಯಕಲ್ಲುಗಳನ್ನು ಕೊಂಡು ಬೆಳಗಾವಿಗೆ ಕಳಿಸುತ್ತಿದ್ದರು. ಇಲ್ಲಿ ಅವರ ಅಣ್ಣನವರು ಅವುಗಳನ್ನು ಮಾರುವದಲ್ಲದೆ, ಕೊಂಡವರಿಗೆ ಹತ್ತಿ ನಡೆಸುವದನ್ನೂ ಕಲಿಸುತ್ತಿದ್ದರು. ಕಿರ್ಲೋಸ್ಕರ ಉದ್ಯಮದವರು ತಮ್ಮ ಮನೆತನದ ವ್ಯವಸಾಯದ ಆರಂಭವೆಂದು ಎಣಿಸುವ ವರ್ಷ ೧೮೮೮.

ಅದೇ ೧೮೮೮ರಲ್ಲಿ, ಸಾವಿರಾರು ಹರದಾರಿ ಆಚೆಗೆ, ಬೆಲ್‌ಫಾಸ್ಟ್ ಪಟ್ಟಣದ ದನದ ವೈದ್ಯನೊಬ್ಬನು ಗಾಳಿ ತುಂಬಿದ ರಬ್ಬರಿನ ಟಾಯರಿಗೆ ಪೇಟೆಂಟು ಪಡೆದನು. ಆತನೇ ಜಾನ್ ಬಾಯ್ಡ್ ಡನ್‌ಲಪ್. ಇವೆರಡೂ ಕೂಡಿಬಂದದ್ದು ಕೇವಲ ಕಾಕತಾಳೀಯವಾದರೂ, ನಮ್ಮ ಇಂದಿನ ವಿಷಯಕ್ಕೆ ಅದು ಒಳ್ಳೆಯ ಬಾಗಿಲು. ಸಾಯಕಲ್ಲಿನ ಟಾಯರಿನ ಚರಿತ್ರೆಯನ್ನು ನೋಡುತ್ತ ಹೋದರೆ ಅದು ನೆಲದ ಚರಿತ್ರೆಯೂ ಆಗಿ ಕಾಣುವದು. ಯಾವ ಟಾಯರು ಒಳ್ಳೆಯದೆಂಬ ಪ್ರಶ್ನೆಗೆ ಯಾವ ನೆಲದ ಮೇಲೆ ಎಂದು ಕೇಳದೆ ಉತ್ತರ ಹೇಳಬರುವಂತಿಲ್ಲ. ಈ ಮಾತಿನ ನಿಜವನ್ನು ಅರಿಯಲು ಬೆಳಗಾವಿಯಿಂದ ಖಾನಾಪುರದವರೆಗಿನ ಹದಿನಾರು ಮೈಲಿನ ಹಾದಿಗಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಂಡಿಲ್ಲ.

ಗಾಲಿಯ ಹೊರಸುತ್ತಿಗೆ ಸಂಸ್ಕೃತದಲ್ಲಿ ನೇಮಿ ಎಂದು ಹೆಸರು. ರಘುವಂಶದ ಮೊದಲ ಸರ್ಗದಲ್ಲಿ ಕಾಳಿದಾಸನು, ದಿಲೀಪನ ಪ್ರಜೆಗಳು ಮನುವಿನ ಕಾಲದಿಂದ ತುಳಿದ ಹಾದಿಯನ್ನು ಗೆರೆಯಷ್ಟೂ ದಾಟಲಿಲ್ಲವೆಂದು ಹೇಳುವಾಗ, ಹಳೆಯ ಜಾಡಿನಲ್ಲೇ ಉರುಳುವ ರಥದ ನೇಮಿಯ ಹೋಲಿಕೆಯನ್ನು ತಂದಿದ್ದಾನೆ. ಕವಿಗೆ ಅದು ಧರ್ಮದ ಮಾತು. ಚಕ್ಕಡಿ ಹೊಡೆಯುವವನಿಗೆ ಅದು ನಿತ್ಯದ ಅನುಭವ. ಬಡಿಗನು ಕಟ್ಟಿಗೆಯ ಗಾಲಿಯನ್ನು ಮಾಡಿಕೊಟ್ಟರೆ, ಕಮ್ಮಾರನು ಕಬ್ಬಿಣದ ಹಳಿಯನ್ನು ಕೆಂಪಗೆ ಕಾಸಿ ತೊಡಿಸಿ, ನೀರು ಹೊಯ್ದು ಬಿಗಿಸುತ್ತಿದ್ದನು. ಆ ಹಳಿ ಮೆತ್ತನ್ನ ನೆಲವನ್ನು ಕತ್ತರಿಸಿ ಜಾಡು ಮಾಡುವದು. ಒಮ್ಮೆ ಜಾಡು ಬಿದ್ದಿತೆಂದರೆ ಮುಂದಿನ ಗಾಡಿ ಅದನ್ನು ಬಿಟ್ಟು ಏಳುವದಿಲ್ಲ. ಎರಡು ಗಾಲಿಯ ಚಕ್ಕಡಿಗೆ ಜಾಡು ಆಸರೆಯಾಗುತ್ತದೆ. ಒಂದರ ಹಿಂದೊಂದು ಗಾಲಿಯಿರುವ ಸಾಯಕಲ್ಲಿಗೆ ಅದೇ ಬಲೆ. ಜಾಡಿನಲ್ಲಿ ಮುಂದಿನ ಗಾಲಿ ಇಳಿದು, ಸವಾರನು ಹೊರಗೆ ಬರಲು ಹ್ಯಾಂಡಲ್ಲನ್ನು ತಿರುವಿದನೆಂದರೆ ಗಾಲಿಯ ಪಕ್ಕ ಜಾಡಿನ ಅಂಚಿಗೆ ತಾಗಿ, ಅವನು ನೆಲಕ್ಕೆ ಬೀಳುತ್ತಾನೆ. ಚಕ್ಕಡಿಯ ಹಾದಿಯೂ ಸಾಯಕಲ್ಲಿನ ಹಾದಿಯೂ ಒಂದೇ ಆಗಿದ್ದ ಊರುಗಳಲ್ಲಿ ಹಿರಿಯರು ಇದನ್ನು ಮೊದಲ ಪಾಠವೆಂದು ಕಲಿಸುತ್ತಿದ್ದರು.

೧೮೬೦ರ ದಶಕದಲ್ಲಿ ಪ್ಯಾರಿಸಿನಲ್ಲಿ ಹೊರಟ ಕಾಲುತುಳಿತದ ಗಾಡಿಗಳಿಗೆ ಚಕ್ಕಡಿಯದೇ ತರದ ಗಾಲಿ: ಕಟ್ಟಿಗೆಯ ಸುತ್ತಿಗೆ ಕಬ್ಬಿಣದ ಹಳಿ. ಇಂಗ್ಲಂಡಿನವರು ಅದಕ್ಕೆ ‘ಎಲುಬು ಅಲುಗಿಸುವ ಗಾಡಿ’ ಎಂಬ ಅರ್ಥದ ಹೆಸರಿಟ್ಟರು. ಅನಂತರ ಗಟ್ಟಿ ರಬ್ಬರಿನ ಪಟ್ಟಿ ಬಂದಿತು. ಚಾರ್ಲ್ಸ್ ಗುಡ್‌ಇಯರನು ೧೮೩೯ರಲ್ಲಿ ರಬ್ಬರಿಗೆ ಗಂಧಕವನ್ನು ಕೂಡಿಸಿ ಕಾಸಿ, ಬಿಸಿಲಿಗೆ ಕರಗದ, ಚಳಿಗೆ ಬಿರಿಯದ ಪದಾರ್ಥವನ್ನು ಮಾಡಿದ್ದರಿಂದಲೇ ಅದು ಸಾಧ್ಯವಾಯಿತು. ಆಳೆತ್ತರದ ಮುಂಗಾಲಿಯ ಸಾಯಕಲ್ಲುಗಳ ಕಾಲ ಅದು. ಕಲ್ಲಿಗೆ ಗಾಲಿ ತಟ್ಟಿದರೆ ಸವಾರನು ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದನು. ೧೮೮೫ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ಸುಮಾರು ಸಮ ಎತ್ತರದ ಎರಡು ಗಾಲಿಗಳ, ಹಿಂದಿನ ಗಾಲಿಗೆ ಸರಪಳಿಯ, ಇಂದಿನ ರೂಪದ ಸಾಯಕಲ್ಲನ್ನು ಹೊರತಂದಾಗ ಅದಕ್ಕೆ ‘ಸೇಫ್ಟಿ’ ಎಂದೇ ಹೆಸರಾಯಿತು. ಸುರಕ್ಷಿತವೇನೋ ಹೌದು. ಆದರೆ ಗಾಲಿ ಚಿಕ್ಕದಾದ್ದರಿಂದ ಹಾದಿಯ ಪ್ರತಿಯೊಂದು ಕಲ್ಲೂ ಸವಾರನ ಬೆನ್ನಿಗೆ ಮುಟ್ಟತೊಡಗಿತು. ಕಿರ್ಲೋಸ್ಕರರ ವ್ಯವಸಾಯದ ಆ ಮೊದಲ ವರ್ಷದಲ್ಲಿ ಪೇಟೆಯಲ್ಲಿ ಸಿಗುತ್ತಿದ್ದವು ಇಂಥ ಗಟ್ಟಿ ರಬ್ಬರಿನ ಗಾಡಿಗಳೇ. ಗಾಳಿಯ ಟಾಯರು ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ.

ಡನ್‌ಲಪ್ಪನ ಕಥೆ ಎಲ್ಲರಿಗೂ ಗೊತ್ತಿರುವದೇ. ಬೆಲ್‌ಫಾಸ್ಟಿನ ಕಲ್ಲುಹಾಸಿನ ಬೀದಿಗಳಲ್ಲಿ ಮಗನ ಮೂರು ಗಾಲಿಯ ಗಾಡಿ ಕುಲುಕುವದನ್ನು ನೋಡಿ, ೧೮೮೭ರಲ್ಲಿ ಆತನು ರಬ್ಬರಿನ ಕೊಳವೆಗೆ ಬಟ್ಟೆ ಸುತ್ತಿ, ಗಾಳಿ ತುಂಬಿ, ಕಟ್ಟಿಗೆಯ ತಟ್ಟೆಯೊಂದಕ್ಕೆ ಕಟ್ಟಿದನು. ಆ ಮೇಲೆ ಅದನ್ನೂ ಮಗನ ಗಾಡಿಯ ಗಟ್ಟಿ ಟಾಯರಿನ ಗಾಲಿಯನ್ನೂ ಅಂಗಳದಲ್ಲಿ ಉರುಳಬಿಟ್ಟನು. ಗಟ್ಟಿ ಟಾಯರಿನದು ನಡುವೆಯೇ ಬಿದ್ದಿತು. ಗಾಳಿಯದು ಅಂಗಳದ ಕೊನೆ ಮುಟ್ಟಿ ಬಾಗಿಲಿನ ಕಂಬಕ್ಕೆ ಬಡಿದು ಹಿಂದೆ ಪುಟಿಯಿತು. ೧೮೮೯ರ ಮೇ ತಿಂಗಳಲ್ಲಿ ಅದೇ ಊರಿನ ಪಂದ್ಯದಲ್ಲಿ ವಿಲಿ ಹ್ಯೂಮ್ ಎಂಬವನು ಈ ದಪ್ಪ ಟಾಯರುಗಳ ಮೇಲೆ ಓಡಿ ಗೆದ್ದನು. ನೋಡಿ ನಕ್ಕವರೇ ಮರುದಿನ ಅದನ್ನು ಕೇಳಿಕೊಂಡು ಬಂದರು.

ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳಬೇಕು. ಗಾಳಿಯ ಟಾಯರನ್ನು ಮೊದಲು ಯೋಚಿಸಿದವನು ಡನ್‌ಲಪ್ಪನಲ್ಲ. ರಾಬರ್ಟ್ ವಿಲಿಯಮ್ ಥಾಮ್ಸನ್ ಎಂಬ ಇಂಜಿನಿಯರನು ೧೮೪೫ರಲ್ಲಿಯೇ ಕುದುರೆಗಾಡಿಗಳ ಸಲುವಾಗಿ ಅದಕ್ಕೆ ಪೇಟೆಂಟು ಪಡೆದಿದ್ದನು. ಅದು ಗೊತ್ತಾದಾಗ ಡನ್‌ಲಪ್ಪನ ಪೇಟೆಂಟು ಬಿದ್ದುಹೋಯಿತು. ಆದರೆ ಥಾಮ್ಸನನ ಕಾಲದಲ್ಲಿ ಅದನ್ನು ಬೇಡುವ ಸಾಯಕಲ್ಲಿರಲಿಲ್ಲ. ಡನ್‌ಲಪ್ಪನ ಕಾಲಕ್ಕೆ ಸಾಯಕಲ್ಲು ಅದರ ದಾರಿ ಕಾಯುತ್ತಿತ್ತು. ಹೆಸರು ಡನ್‌ಲಪ್ಪನಿಗೇ ಅಂಟಿಕೊಂಡಿತು, ಎಷ್ಟೆಂದರೆ ಗಾಳಿಯ ಟಾಯರು ಹಾಕಿದ ಎತ್ತಿನ ಗಾಡಿಗೂ ನಮ್ಮ ರೈತರು ಡನ್‌ಲಪ್ ಗಾಡಿ ಎಂದೇ ಕರೆದರು.

ಮೊದಲ ಟಾಯರುಗಳನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಪಂಕ್ಚರಾದರೆ ಅರ್ಧ ದಿನದ ಕೆಲಸ. ೧೮೯೦ರಲ್ಲಿ ಚಾರ್ಲ್ಸ್ ಕಿಂಗ್ಸ್‌ಟನ್ ವೆಲ್ಚ್ ಎಂಬವನು ಟಾಯರಿನ ಎರಡೂ ಅಂಚಿನೊಳಗೆ ತಂತಿಯ ಬಳೆಯನ್ನಿಟ್ಟು, ರಿಮ್ಮಿನಲ್ಲಿ ಕೂಡ್ರಿಸುವ ರೀತಿಯನ್ನು ಕಂಡುಹಿಡಿದನು. ಇಂದು ಖಾನಾಪುರದ ಯಾವುದೇ ಅಂಗಡಿಯಲ್ಲಿ ಸಾಯಕಲ್ಲನ್ನು ಅಂಗಾತ ಮಲಗಿಸಿ, ಚಪ್ಪಟೆ ಸಲಾಕೆಯಿಂದ ಟಾಯರನ್ನು ಕಳಚಿ, ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದುವ ಹುಡುಗನು, ತಿಳಿಯದೆಯೇ, ಆ ವೆಲ್ಚನ ಶಿಷ್ಯನಾಗಿದ್ದಾನೆ.

ಗಾಳಿ ಬಂದು ಕುಲುಕಾಟ ನಿಂತಿತು, ವೇಗ ಹೆಚ್ಚಿತು. ವೇಗದೊಡನೆ ಒಂದು ಹೊಸ ಭಯವೂ ಬಂದಿತು. ಆರಂಭದ ಟಾಯರುಗಳ ಮೈ ನುಣುಪು. ಕುದುರೆಯ ಲದ್ದಿ, ಧೂಳು, ಮಳೆ ಸೇರಿದ ಬೀದಿಗಳಲ್ಲಿ ಗಾಲಿ ಪಕ್ಕಕ್ಕೆ ಜಾರುವದು ೧೮೯೦ರ ದಶಕದ ಸಾಯಕಲ್ಲಿಗರ ದೊಡ್ಡ ದೂರಾಗಿತ್ತು. ಆಗ ಕಾರಖಾನೆಗಳವರು ಟಾಯರಿನ ಮೇಲೆ ಗೆರೆ, ಚೌಕಳಿ, ಗುಂಡಿಗಳನ್ನು ಕೆತ್ತತೊಡಗಿದರು. ಜಾರದಿರುವ ಗುಣ ಈ ಕೆತ್ತನೆಯಲ್ಲಿದೆಯೆಂಬ ನಂಬಿಕೆ ಅಂದು ಹುಟ್ಟಿದ್ದು ಇಂದಿಗೂ ಗಟ್ಟಿಯಾಗಿಯೇ ಉಳಿದಿದೆ. ಅದರಲ್ಲಿ ಎಷ್ಟು ನಿಜ, ಎಷ್ಟು ಭ್ರಮೆ ಎಂಬದನ್ನು ನೋಡಬೇಕಾದರೆ ನಮ್ಮ ಹಾದಿಗೆ ಇಳಿಯಬೇಕು.

ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದಲ್ಲಿ, ಎರಡು ಬಗೆಯ ನೆಲಗಳ ನಡುವೆ ಕುಳಿತ ಊರು. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಗಳ ಎರೆಯ ಸೀಮೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ಖಾನಾಪುರದ ಕೆಮ್ಮಣ್ಣು, ಜಂಬಿಟ್ಟಿಗೆಯ ಕಲ್ಲು, ಕಾಡು. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರ ಊರನ್ನು ಮುಟ್ಟಿಕೊಂಡು, ಕೆಂಪಿನಿಂದ ಕಪ್ಪಿಗೆ ಹರಿಯುತ್ತದೆ. ಮಳೆಯೂ ಹಾಗೆಯೇ. ಎರೆಯ ಸೀಮೆಯಲ್ಲಿ ಮಳೆಗಾಗಿ ಬಾಯಿ ಬಿಡುವ ದಿನಗಳಲ್ಲಿ ಕಣಕುಂಬಿ, ಜಾಂಬೋಟಿಗಳ ಕಡೆಗೆ ವಾರಗಟ್ಟಲೆ ಸೂರ್ಯನ ಮುಖ ಕಾಣಿಸುವದಿಲ್ಲ.

ಈ ಎರಡು ನೆಲಗಳ ನಡತೆ ಬೇರೆ ಬೇರೆ. ಎರೆಯ ನೆಲ ಒಣಗಿದಾಗ ಹಾಸುಗಲ್ಲಿನಂತೆ ಗಟ್ಟಿ, ನೆನೆದಾಗ ಅಂಟು. ಆ ಅಂಟು ಟಾಯರಿಗೆ ಹತ್ತಿ, ಸುತ್ತುಸುತ್ತಿಗೂ ದಪ್ಪವಾಗುತ್ತ, ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಅಲ್ಲಿ ಯಾವ ಟಾಯರೂ ನಡೆಯದು. ಸಾಯಕಲ್ಲು ಸವಾರನ ಹೆಗಲೇರುತ್ತದೆ. ನಮ್ಮ ಪೂರ್ವದ ಹಳ್ಳಿಗಳಲ್ಲಿ ಮುಂಗಾರಿನಲ್ಲಿ ಈ ನೋಟ ಹೊಸದಲ್ಲ. ಕೆಮ್ಮಣ್ಣಿನ ಮೋಸ ಬೇರೆ ತರಹದ್ದು. ಒಣ ದಿನಗಳಲ್ಲಿ ಅದರ ಗರಸಿನ ಹರಳುಗಳು ಗೋಲಿಗಳಂತೆ ಗಾಲಿಯ ಕೆಳಗೆ ಉರುಳುವವು. ಮಳೆಯಲ್ಲಿ ಮೇಲಿನ ಒಂದು ಬೆರಳಿನಷ್ಟು ಮಣ್ಣು ರಾಡಿಯಾಗಿ, ಕೆಳಗಿನದು ಗಟ್ಟಿಯಾಗಿಯೇ ಇರುವದು. ಹೆಂಚಿಗೂ ಗಡಿಗೆಗೂ ಹೆಸರಾದ ಖಾನಾಪುರದ ಮಣ್ಣು ಎಷ್ಟು ನುಣುಪೆಂಬದನ್ನು ಕುಂಬಾರನ ಕೈ ಬಲ್ಲದು. ಸಾಯಕಲ್ಲಿನ ಸವಾರನ ಮೊಣಕಾಲೂ ಬಲ್ಲದು.

ನೆಲ ನೋಡಿ ಸಾಧನ ಆರಿಸಬೇಕೆಂಬ ಈ ಪಾಠವನ್ನು ಸಾಯಕಲ್ ಮಾರುತ್ತಿದ್ದ ಕಿರ್ಲೋಸ್ಕರರೇ ಮುಂದೆ ಇನ್ನೊಂದು ರೀತಿಯಲ್ಲಿ ಕಲಿತರು. ಅವರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವದೆಂದು ರೈತರು ಕೊಳ್ಳಲು ಅಂಜಿದರು. ಬೆಳಗಾವಿಯ ಜಾಗವನ್ನು ಬಿಡಬೇಕಾಗಿ ಬಂದು, ೧೯೧೦ರಲ್ಲಿ ಔಂಧ ಸಂಸ್ಥಾನಿಕರ ಆಶ್ರಯದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಮೇಲೆ ಆ ನೇಗಿಲು ನಾಡನ್ನೆಲ್ಲ ಉತ್ತಿತು. ಬೆಳಗಾವಿಗೆ ಉಳಿದದ್ದು ಬೀದಿಯ ಹೆಸರು.

ಇನ್ನು ಸಡಕುಗಳ ಮಾತು. ಊರುಗಳ ನಡುವಿನ ಹಳೆಯ ಸಡಕುಗಳು ಮೆಕಾಡಮ್ಮನ ಪದ್ಧತಿಯವು. ಖಡಿಯನ್ನು ಹಾಸಿ, ಮೇಲೆ ಗರಸು ಹರವಿ, ನೀರು ಹೊಡೆದು, ರೋಲರು ಎಳೆದು ಕೂಡ್ರಿಸಿದವು. ಅವು ಒರಟು. ಬೆನ್ನಿಗೆ ಕಷ್ಟ, ಆದರೆ ಟಾಯರಿಗೆ ಹಿಡಿತ ಕೊಡುವವು. ಡಾಂಬರು ಬಂದಾಗ ಸವಾರರು ಹಿಗ್ಗಿದರು. ಅದರ ಗುಣದೋಷಗಳೇ ಬೇರೆ. ಒಣ ಡಾಂಬರಿನಷ್ಟು ಒಳ್ಳೆಯ ಹಿಡಿತ ಕೊಡುವ ಹಾದಿಗಳು ಕಡಿಮೆ. ಒದ್ದೆಯಾದರೂ ಅದು ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಬೇಸಿಗೆಯ ಕೊನೆಯ ಮೊದಲ ಮಳೆಯಲ್ಲಿ, ತಿಂಗಳುಗಟ್ಟಲೆ ಕೂಡಿದ ಧೂಳೂ ವಾಹನಗಳ ಎಣ್ಣೆಯೂ ಕಲೆತು ಸಾಬೂನಿನಂತೆ ತೇಲುವ ಒಂದು ಗಂಟೆಯಿದೆಯಲ್ಲ, ಅದರಷ್ಟು ಅಪಾಯದ ವೇಳೆ ಇನ್ನೊಂದಿಲ್ಲ. ಮಳೆ ಜೋರಾಗಿ ಹೊಡೆದು ಸಡಕನ್ನು ತೊಳೆದ ಮೇಲೆ ಹೊರಡುವವನೇ ಜಾಣ.

ಟಾಯರು ನೆಲವನ್ನು ಹಿಡಿಯುವದು ಹೇಗೆಂಬದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ. ನಾನು ಭಾಷೆಯ ಮಾಸ್ತರನಾದರೂ ಈ ಲೆಕ್ಕಕ್ಕೆ ಐದನೆಯ ಇಯತ್ತೆಯ ಭಾಗಾಕಾರ ಸಾಕು. ಸವಾರ ೬೦ ಕಿಲೋಗ್ರಾಮು, ಹಳೆಯ ಮಾದರಿಯ ಸಾಯಕಲ್ಲು ೨೦, ಕೂಡಿ ೮೦. ಅಂದರೆ ಸುಮಾರು ೧೭೬ ಪೌಂಡು. ಟಾಯರಿನಲ್ಲಿ ಚದರ ಅಂಗುಲಕ್ಕೆ ೫೦ ಪೌಂಡಿನ ಒತ್ತಡದ ಗಾಳಿಯಿದ್ದರೆ, ಎರಡೂ ಗಾಲಿ ಸೇರಿ ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಮೂರೂವರೆ ಚದರ ಅಂಗುಲ. ಗಾಲಿಯೊಂದಕ್ಕೆ ಒಂದು ದೊಡ್ಡ ಅಂಚೆಚೀಟಿಯಷ್ಟು! ಮಗುವೊಂದು ಇಳಿಜಾರಿನಲ್ಲಿ ಬರುವಾಗ ಅದರ ಪ್ರಾಣವನ್ನು ಹಿಡಿದಿರುವದು ಈ ಎರಡು ಅಂಚೆಚೀಟಿಗಳು. ಗಾಳಿಯನ್ನು ೩೫ಕ್ಕೆ ಇಳಿಸಿದರೆ ಅದೇ ಜಾಗ ಐದು ಚದರ ಅಂಗುಲಕ್ಕೆ ಏರುವದು. ಗರಸಿನ ಮೇಲೆ, ರಾಡಿಯ ಮೇಲೆ ಹೋಗುವವನು ಗಾಳಿಯನ್ನು ಸ್ವಲ್ಪ ಬಿಡುವದರ ಗುಟ್ಟು ಇದೇ. ಮೆತ್ತಗಾದ ಟಾಯರು ಹರಳಿನ ಮೇಲೆ ಪುಟಿಯದೆ, ಅದನ್ನು ಒಳಗೆ ಅಪ್ಪಿಕೊಂಡು ಹೋಗುತ್ತದೆ. ಹಾಗೆಂದು ತೀರ ಬಿಟ್ಟರೆ ರಿಮ್ಮು ಕಲ್ಲಿಗೆ ಬಡಿದು ಟ್ಯೂಬು ಎರಡು ಕಡೆಗೆ ಹಾವು ಕಚ್ಚಿದಂತೆ ಸೀಳುವದು, ತಿರುವಿನಲ್ಲಿ ಟಾಯರು ಹೊರಳುವದು. ನಮ್ಮ ಸಾಯಕಲ್ಲುಗಳ ವಾಲ್‌ಟ್ಯೂಬಿನ ಮೇಲೆ ಒತ್ತಡ ಅಳೆಯುವ ಯಂತ್ರ ಕೂಡ್ರುವದಿಲ್ಲ. ಹೆಬ್ಬೆರಳೇ ಯಂತ್ರ. ಬಲವಾಗಿ ಒತ್ತಿದಾಗ ಒಂದಿಷ್ಟೇ ಜಗ್ಗಿದರೆ ಡಾಂಬರಿಗೆ ಸರಿ. ಸುಲಭವಾಗಿ ಜಗ್ಗಿಯೂ ರಿಮ್ಮು ಕೈಗೆ ತಾಗದಿದ್ದರೆ ಮಣ್ಣಿನ ಹಾದಿಗೆ ಸರಿ.

ಇನ್ನು ಕೆತ್ತನೆ. ಮೋಟಾರಿನ ಟಾಯರಿಗೆ ಗೆರೆಗಳು ಬೇಕೇ ಬೇಕು. ಅದರ ಅಗಲವಾದ ಚಪ್ಪಟೆ ಮೈಯ ಕೆಳಗೆ ನೀರು ಸಿಕ್ಕಿಕೊಂಡು ಗಾಡಿ ನೀರಿನ ಮೇಲೆ ತೇಲೀತು. ಗೆರೆಗಳು ಆ ನೀರಿಗೆ ದಾರಿ ಕೊಡುತ್ತವೆ. ಸಾಯಕಲ್ಲಿನ ಟಾಯರು ಕಿರಿದು, ದುಂಡು. ದೋಣಿಯ ಮೂತಿಯಂತೆ ನೀರನ್ನು ತಾನೇ ಸೀಳಿಕೊಂಡು ನೆಲ ಮುಟ್ಟುವದು. ಅದು ನೀರಿನ ಮೇಲೆ ತೇಲಬೇಕಾದರೆ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕ ವೇಗ ಬೇಕು. ಆದ್ದರಿಂದ ಒದ್ದೆ ಡಾಂಬರಿನ ಮೇಲೆ ಸಾಯಕಲ್ಲನ್ನು ಹಿಡಿಯುವದು ರಬ್ಬರಿನ ಮೃದುತ್ವ ಮತ್ತು ಮುಟ್ಟಿದ ಜಾಗ. ಕೆತ್ತನೆಯ ಪಾಲು ಅಲ್ಪ. ಮಣ್ಣಿನ ಮೇಲೆ ಮಾತ್ರ ಲೆಕ್ಕ ತಿರುಗುವದು. ಅಲ್ಲಿ ಗುಂಡಿಗಳು ಎತ್ತಿನ ಗೊರಸಿನಂತೆ ನೆಲದೊಳಗೆ ಇಳಿದು ಕಚ್ಚಿ ಹಿಡಿಯುತ್ತವೆ. ಅವೇ ಗುಂಡಿಗಳು ಡಾಂಬರಿನಲ್ಲಿ ಇಳಿಯಲಾರವು. ಆಗ ಟಾಯರು ತನ್ನ ಮೈಯಿಂದಲ್ಲ, ಗುಂಡಿಗಳ ತುದಿಯಿಂದ ಮಾತ್ರ ನೆಲವನ್ನು ಮುಟ್ಟಿ, ತಿರುವಿನಲ್ಲಿ ಆ ತುದಿಗಳು ಬಾಗಿ ಜಾರುವದು.

ಕಳೆದ ಮುಂಗಾರಿನಲ್ಲಿ ಒಬ್ಬ ವಿದ್ಯಾರ್ಥಿ ಶಾಲೆಯ ಸಾಯಕಲ್ ನಿಲ್ದಾಣದಲ್ಲಿ ತನ್ನ ಹೊಸ ಟಾಯರನ್ನು ತೋರಿಸಿ, “ಬಟನ್ ಟಾಯರ್ ಹಾಕ್ಸೇನ್ರಿ ಸರ್, ಇನ್ನ ಮಳ್ಯಾಗ ಜಾರೂದಿಲ್ರಿ” ಎಂದು ಹಿಗ್ಗಿನಿಂದ ಹೇಳಿದ. “ಮನಿಯಿಂದ ಸಾಲಿಗೆ ಮಣ್ಣಿನ ಹಾದಿ ಎಷ್ಟೈತೋ ತಮ್ಮಾ?” ಎಂದು ಕೇಳಿದೆ. “ಮಣ್ಣಿಂದು ಎಲ್ಲಿ ಬರ್ತದ್ರಿ, ಮನಿ ಬಾಗಲ್ತನಾ ಡಾಂಬರ್ರಿ” ಎಂದ. ಹಿಂದಿನ ಗಾಲಿಗೆ ಹೊಸ ಬಟನ್ ಟಾಯರು. ಮುಂದಿನದು ನೂಲು ಕಾಣುವಷ್ಟು ಬೋಳು. ತಂದೆ ಕಷ್ಟಪಟ್ಟು ಕೊಟ್ಟ ದುಡ್ಡು ಬೇಡದ ಕಡೆಗೆ ಹೋಗಿತ್ತು.

ಈ ಮುಂದಿನ ಗಾಲಿಯ ಮಾತು ಬಹಳ ಮುಖ್ಯ. ಭಾರದಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಹಿಂದಿನ ಗಾಲಿಯ ಮೇಲಿರುವದರಿಂದ, ಅದನ್ನೇ ಸರಪಳಿ ಎಳೆಯುವದರಿಂದ, ಹಿಂದಿನ ಟಾಯರು ಬೇಗ ಸವೆಯುತ್ತದೆ. ಸವೆದದ್ದನ್ನು ತೆಗೆದು ಅಲ್ಲಿಯೇ ಹೊಸದನ್ನು ಹಾಕುವದು ಎಲ್ಲರ ವಾಡಿಕೆ. ಆದರೆ ಹಿಂದಿನ ಗಾಲಿ ಜಾರಿದರೆ ಸಾಯಕಲ್ಲು ಬಾಲ ಅಲ್ಲಾಡಿಸುವದು, ಸವಾರನಿಗೆ ಕಾಲೂರಲು ಕ್ಷಣವೊಂದಿರುವದು. ಮುಂದಿನದು ಜಾರಿದರೆ ಅವಕಾಶವೇ ಇಲ್ಲ. ಅಂಗೈ, ಗಲ್ಲ ನೆಲದ ಪಾಲು. ಆದ್ದರಿಂದ ಹೊಸ ಟಾಯರು ಮುಂದಕ್ಕೆ, ಮುಂದಿನ ಒಳ್ಳೆಯ ಟಾಯರು ಹಿಂದಕ್ಕೆ ಹೋಗಬೇಕು. ಈ ಅದಲಿಬದಲಿಗೆ ಹೆಚ್ಚಿಗೆ ಒಂದು ಪೈಸೆಯ ರಬ್ಬರೂ ಬೇಕಾಗಿಲ್ಲ, ಅರ್ಧ ತಾಸಿನ ಕೆಲಸ ಮಾತ್ರ.

ರಬ್ಬರು ಇಲ್ಲದಿದ್ದರೆ ಏನಾದೀತೆಂಬದನ್ನು ಎರಡನೆಯ ಮಹಾಯುದ್ಧ ತೋರಿಸಿತು. ೧೯೪೧ರ ಕೊನೆಗೆ ಮಲಯಕ್ಕೆ ನುಗ್ಗಿದ ಜಪಾನೀ ಸೈನಿಕರು ಸಾಯಕಲ್ಲುಗಳ ಮೇಲೆಯೇ ದಕ್ಷಿಣಕ್ಕೆ ಸಾಗಿದರು. ಟಾಯರು ಹರಿದಾಗ ಬರಿಯ ರಿಮ್ಮಿನ ಮೇಲೆ ಓಡಿಸಿದರು. ರಾತ್ರಿಯಲ್ಲಿ ಆ ಕಬ್ಬಿಣದ ಸದ್ದು ಕೇಳಿ ಟ್ಯಾಂಕುಗಳು ಬಂದವೆಂದು ಎದುರಾಳಿಗಳು ಬೆದರಿದರಂತೆ. ೧೯೪೨ರಲ್ಲಿ ಮಲಯದ ತೋಟಗಳು ಕೈಬಿಟ್ಟು ಹೋದ ಮೇಲೆ ಜಗತ್ತಿಗೆಲ್ಲ ರಬ್ಬರಿನ ಬರ ಬಂದಿತು. ನಮ್ಮ ದೇಶದಲ್ಲಿ ಹೂಗ್ಲಿ ದಂಡೆಯ ಸಾಹಾಗಂಜದ ಡನ್‌ಲಪ್ ಕಾರಖಾನೆ ೧೯೩೬ರಿಂದ ಟಾಯರು ಮಾಡುತ್ತಿತ್ತು. ಸ್ವಾತಂತ್ರ್ಯದ ಮೇಲೆ ಮದರಾಸಿನ ಅಂಬತ್ತೂರು, ಆಸನ್‌ಸೋಲ್, ಸೋನಿಪತ್, ಲೂಧಿಯಾನಾಗಳಲ್ಲಿ ಸಾಯಕಲ್ ಕಾರಖಾನೆಗಳು ಎದ್ದವು. ಇವೆಲ್ಲದರಿಂದ ನಾಡಿಗೆಲ್ಲ ಒಂದೇ ಅಳತೆ ರೂಢವಾಯಿತು: ೨೮ ಅಂಗುಲದ ಗಾಲಿ, ಒಂದೂವರೆ ಅಂಗುಲದ ಟಾಯರು. ಹಾಲಿನ ಕ್ಯಾನು, ಕಟ್ಟಿಗೆಯ ಹೊರೆ, ಅಂಚೆಯ ಚೀಲ, ಹೆಂಡತಿ ಮಕ್ಕಳು, ಎಲ್ಲವನ್ನೂ ಅದೇ ಹೊತ್ತಿತು. ಎಲ್ಲ ನೆಲಕ್ಕೂ ಅದೇ. ನಾನು ವಿದ್ಯಾರ್ಥಿಯಾಗಿದ್ದ ೧೯೮೦ರ ದಶಕದಲ್ಲಿ ತಾಸಿನ ಬಾಡಿಗೆಗೆ ಸಿಗುತ್ತಿದ್ದ ಸಾಯಕಲ್ಲುಗಳೂ ಇದೇ ಅಳತೆಯವು. ಆಯ್ಕೆಯೇ ಇಲ್ಲದ ಆ ಕಾಲದಲ್ಲಿ ಜನರು ಟಾಯರನ್ನು ಬದಲಿಸುವ ಬದಲು ಗಾಳಿಯನ್ನೂ ತಮ್ಮ ನಡೆಯನ್ನೂ ಬದಲಿಸಿಕೊಂಡು ಬದುಕಿದರು. ರಾಡಿ ಬಂದಲ್ಲಿ ಇಳಿದು ನೂಕುವದಕ್ಕೆ ಯಾರೂ ನಾಚುತ್ತಿರಲಿಲ್ಲ.

ಇಂದು ಆಯ್ಕೆ ಬಂದಿದೆ, ಹಾದಿಯೂ ಬದಲಾಗಿದೆ. ಟಿಳಕವಾಡಿಯ ರೇಲ್ವೆ ಗೇಟುಗಳನ್ನೇ ನೋಡಿರಿ. ಒಂದು, ಎರಡು, ಮೂರು ಎಂದು ಅವಕ್ಕೆ ಎಣಿಕೆಯ ಹೆಸರು. ಹಳಿಯ ಪಕ್ಕದಲ್ಲಿ ರೈಲಿನ ಗಾಲಿಯ ಅಂಚು ಹೋಗಲು ಬಿಟ್ಟ ಸಂದು ಎರಡು ಅಂಗುಲಕ್ಕೂ ಮಿಕ್ಕಿರುವದು. ನಮ್ಮ ಒಂದೂವರೆ ಅಂಗುಲದ ಟಾಯರು ಅದರಲ್ಲಿ ಸಲೀಸಾಗಿ ಇಳಿಯುವದು. ಓರೆಯಾಗಿ ದಾಟುವವನಿಗೆ ಅದು ಆ ಹಳೆಯ ಚಕ್ಕಡಿಯ ಜಾಡೇ, ಕಬ್ಬಿಣದ್ದಾಗಿರುವದೊಂದೇ ಹೆಚ್ಚು. ಮಳೆಯಲ್ಲಿ ನುಣುಪಾದ ಹಳಿಯನ್ನು ಯಾವ ಟಾಯರೂ ಹಿಡಿಯದು. ಗಾಲಿಯನ್ನು ಹಳಿಗೆ ನೆಟ್ಟಗೆ ಅಡ್ಡ ಮಾಡಿ, ಬ್ರ‍ೇಕು ಮುಟ್ಟದೆ ದಾಟಬೇಕು. ೨೦೧೬ರಲ್ಲಿ ಬೆಳಗಾವಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಗೆ ಸೇರಿದ ಮೇಲೆ ಹಲವು ಸಡಕುಗಳಿಗೆ ಕಾಂಕ್ರೀಟು ಬಂದಿದೆ. ಒರಟು ಕಾಂಕ್ರೀಟು ಒಳ್ಳೆಯ ಹಿಡಿತ ಕೊಡುತ್ತದೆ. ಅದರ ಮೇಲಿನ ಬಣ್ಣದ ಪಟ್ಟೆಗಳೂ ಗಟಾರದ ಕಬ್ಬಿಣದ ಮುಚ್ಚಳಗಳೂ ಒದ್ದೆಯಾದಾಗ ಕೊಡುವದಿಲ್ಲ.

ಊರು ಬಿಟ್ಟು ಖಾನಾಪುರದ ಕಡೆಗೆ ಹೋದರೆ, ಗೋವೆಗೆ ಹೋಗುವ ಹೆದ್ದಾರಿ ಈಗ ಅಗಲವಾಗಿದೆ. ಅಲ್ಲಿ ಸಾಯಕಲ್ಲಿನವನಿಗೆ ಉಳಿದದ್ದು ಅಂಚು. ಆ ಅಂಚಿನಲ್ಲಿ ಲಾರಿಗಳು ಚೆಲ್ಲಿದ ಮರಳು, ಖಡಿಯ ಚೂರು. ಡಾಂಬರಿನಿಂದ ಗರಸಿಗೆ ಇಳಿಯುವ ಮೆಟ್ಟಿಲು ಕೆಲವೆಡೆ ನಾಲ್ಕು ಬೆರಳು ಎತ್ತರ. ಲಾರಿಗೆ ಅಂಜಿ ಕೆಳಗಿಳಿದ ಹುಡುಗನು ಮತ್ತೆ ಓರೆಯಾಗಿ ಮೇಲೇರಲು ಹೋದಾಗ ಮುಂದಿನ ಗಾಲಿ ಆ ಮೆಟ್ಟಿಲಿಗೆ ಒರಸಿ ಅವನನ್ನು ಸಡಕಿನ ನಡುವೆಯೇ ಕೆಡವುವದು. ಸುಗ್ಗಿಯಲ್ಲಿ ಇನ್ನೊಂದು ವಿಶೇಷ. ರೈತರು ಸಡಕನ್ನೇ ಕಣ ಮಾಡಿ, ವಾಹನಗಳಿಂದ ತುಳಿಸಲು ಬೆಳೆಯನ್ನು ಹರವಿರುತ್ತಾರೆ. ಒಣಹುಲ್ಲು ಡಾಂಬರಿನ ಮೇಲೆ ಚಾಪೆಯಂತೆ ಜಾರುವದು. ಕಣಕ್ಕೆ ಕೈಮುಗಿಯುವದು ನಮ್ಮ ಸಂಸ್ಕೃತಿ. ಈ ಕಣದ ಮುಂದೆ ಇಳಿದು ನಡೆದೇ ಕೈಮುಗಿಯುವದು ಲೇಸು. ಜಾಂಬೋಟಿ, ಕಣಕುಂಬಿಗಳ ಒಳಹಾದಿಗಳಲ್ಲಿ, ಮರಗಳ ನೆರಳಿನಲ್ಲಿ ಶ್ರಾವಣದ ಹೊತ್ತಿಗೆ ಹಾವಸೆ ಹಸಿರಾಗಿ ಹಬ್ಬಿರುತ್ತದೆ. ಅದರ ಮೇಲೆ ಬಟನ್ನೂ ಇಲ್ಲ, ಬೋಳೂ ಇಲ್ಲ. ಎಲ್ಲವೂ ಸಮನಾಗಿ ಜಾರುತ್ತವೆ.

ಬ್ರೇಕಿನ ಮಾತನ್ನು ಬಿಟ್ಟರೆ ಟಾಯರಿನ ಮಾತು ಪೂರ್ತಿಯಾಗದು. ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕಿನ ರಬ್ಬರು ಅದನ್ನು ಹಿಡಿಯದೆ ಜಾರುವದು. ನಿಲ್ಲಲು ಬೇಕಾಗುವ ದೂರ ಒಣ ದಿನದ ಹಲವು ಪಟ್ಟು. ಟಾಯರು ಎಷ್ಟು ಒಳ್ಳೆಯದಿದ್ದರೂ ಗಾಲಿಯೇ ನಿಲ್ಲದಿದ್ದರೆ ಅದು ಏನು ಮಾಡೀತು? ಮಳೆಯಲ್ಲಿ ಆಗಾಗ ಬ್ರೇಕನ್ನು ಹಗುರಾಗಿ ಒತ್ತುತ್ತ ರಿಮ್ಮನ್ನು ಒರಸಿಕೊಂಡು ಹೋಗುವದು ಹಳೆಯ ಅಂಚೆಪೇದೆಗಳ ಉಪಾಯ.

೨೦೦೬–೦೭ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ಇಯತ್ತೆಯ ಮಕ್ಕಳಿಗೆ ಉಚಿತ ಸಾಯಕಲ್ ಕೊಡಲು ಆರಂಭಿಸಿದಾಗ, ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಗಳ ಹೆಣ್ಣುಮಕ್ಕಳು ಪ್ರೌಢಶಾಲೆಗೆ ಬರುವ ದಾರಿ ತೆರೆಯಿತು. ಆರೇಳು ಮೈಲು ದೂರದ ಹುಡುಗಿಯರು ಸಾಲುಗಟ್ಟಿ ಬರುವದನ್ನು ಕಂಡ ಶಿಕ್ಷಕರಿಗೆ ಅದರ ಬೆಲೆ ಗೊತ್ತು. ಆದರೆ ಎಂಟರಲ್ಲಿ ಬಂದ ಟಾಯರು ಹತ್ತರ ಮುಂಗಾರಿನ ಹೊತ್ತಿಗೆ ಮುದಿಯಾಗಿರುತ್ತಿತ್ತು. ಬಿಸಿಲಿನಲ್ಲಿ ನಿಂತು ನಿಂತು ರಬ್ಬರು ಬಿರುಸಾಗುವದು. ಮೇಲಿನ ಕೆತ್ತನೆ ನೆಟ್ಟಗಿದ್ದರೂ ಪಕ್ಕಗಳಲ್ಲಿ ಬಿರುಕು ಬಿಡುವದು. ಉಗುರಿನಿಂದ ಒತ್ತಿದರೆ ಗುರುತು ಬೀಳದ ಟಾಯರು ಮಳೆಯಲ್ಲಿ ಹಿಡಿಯುವದಿಲ್ಲ. ಅಂಗಡಿಯಲ್ಲಿ ಬಹಳ ದಿನ ತೂಗುಹಾಕಿದ ಅಗ್ಗದ ಟಾಯರನ್ನು ಕೊಳ್ಳುವಾಗಲೂ ಇದೇ ಉಗುರಿನ ಪರೀಕ್ಷೆ ಸಾಕು.

ಟಿಳಕವಾಡಿ, ಕ್ಯಾಂಪು, ಶಹಾಪುರಗಳಲ್ಲಿಯೇ ತಿರುಗುವವರಿಗೆ ಸಣ್ಣ ಗೆರೆಗಳ, ನಡುವೆ ನುಣುಪಾದ ಸಾದಾ ಟಾಯರೇ ಸಾಕು, ಗಾಳಿ ಬಿಗಿಯಾಗಿರಲಿ. ಹೆದ್ದಾರಿಯ ಅಂಚು ಹಿಡಿದು ಖಾನಾಪುರಕ್ಕೆ ಹೋಗಿಬರುವವರಿಗೆ, ರಿಮ್ಮೂ ಚಿಮಟವೂ ಒಪ್ಪುವದಾದರೆ, ಒಂದು ನೂಲು ಹೆಚ್ಚು ದಪ್ಪದ್ದು ಒಳ್ಳೆಯದು: ನಡುವೆ ಒಂದೇ ಸಮನೆ ಏರಿದ ಪಟ್ಟಿ, ಪಕ್ಕಗಳಲ್ಲಿ ಸಣ್ಣ ಗುಂಡಿಗಳು. ಅದು ಡಾಂಬರಿನಲ್ಲಿ ಪಟ್ಟಿಯ ಮೇಲೆ ಓಡಿ, ಗರಸಿಗೆ ಇಳಿದಾಗ ಗುಂಡಿಗಳಿಂದ ಹಿಡಿಯುವದು. ಬಟನ್ ಟಾಯರು ಬೇಕಾಗುವದು ಜಾಂಬೋಟಿಯ ಆಚೆಗೆ, ಮನೆಯಿಂದ ಡಾಂಬರಿನವರೆಗೆ ಎರಡು ಮೈಲು ಕೆಮ್ಮಣ್ಣನ್ನು ತುಳಿಯಬೇಕಾದ ಮಕ್ಕಳಿಗೆ. ಅವರೂ ಡಾಂಬರು ಮುಟ್ಟಿದ ಮೇಲೆ ತಿರುವುಗಳಲ್ಲಿ ನಿಧಾನಿಸಬೇಕು. ಎರಡಕ್ಕೆ ಹಣವಿಲ್ಲದಿದ್ದರೆ ಒಂದನ್ನೇ ಕೊಂಡು ಮುಂದಿನ ಗಾಲಿಗೆ ಹಾಕಿಸಿರಿ. ಶಾಲೆ ತೆರೆಯುವ ಮೇ ಕೊನೆಯ ವಾರದಲ್ಲಿಯೇ, ಮೊದಲ ಮಳೆ ಬೀಳುವ ಮುನ್ನ.